ಜೊಳ್ಳು ಕಂಡು ಹಿಗ್ಗಿದವರು

ಭತ್ತದ ತೆನೆ ಕೈಗೆತ್ತಿಕೊಂಡು, ಕಾಳನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ, ಒಳಗೆ ಏನೂ ಇಲ್ಲವೆಂದು ಗೊತ್ತಾದಾಗ ಯಾವ ರೈತನೂ ನಗುವುದಿಲ್ಲ. ನಮ್ಮ ಮೇಡಂ ನಗುತ್ತಿದ್ದರು. ಅದೂ ಮುಗುಳ್ನಗೆಯಲ್ಲ, ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿಕೊಂಡು ತಿರುಗಿ ನೋಡುವಂಥ ನಗು. ನಾನು ಕಂಪ್ಲಿಯ ಬೀಜ ಕ್ಷೇತ್ರಕ್ಕೆ ಸಹಾಯಕನಾಗಿ ಸೇರಿದ ಮೊದಲ ವಾರದಲ್ಲೇ ಆ ನಗು ಕೇಳಿದೆ.

"ನೋಡು ಲೇ ತಮ್ಮಾ, ಬರೀ ಜೊಳ್ಳು. ಹುಡುಕಿದ್ರೂ ಒಂದು ಗಟ್ಟಿ ಕಾಳು ಸಿಗವಲ್ದು" ಎಂದು ತೆನೆಯನ್ನು ನನ್ನ ಮೂಗಿನ ಹತ್ತಿರ ಹಿಡಿದರು.

ಹೊಸಬ ನಾನು. ಮುಖ ಸಪ್ಪಗೆ ಮಾಡಿಕೊಂಡು, "ಏನು ರೋಗ ಬಂದೈತ್ರಿ ಮೇಡಂ?" ಎಂದೆ.

"ರೋಗ ಬಂದಿರೋದು ನಿನ್ನ ಡಿಪ್ಲೊಮಾಕ್ಕ" ಎಂದರು.

ಮಾತು ಸುಳ್ಳಾಗಿರಲಿಲ್ಲ. ನಾನು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಹುಟ್ಟಿ ಬೆಳೆದವನು. ಕೃಷಿ ಡಿಪ್ಲೊಮಾ ಓದಿದ್ದರೂ ಅಕ್ಕಿ ಎಂಬುದು ಕಿರಾಣಿ ಅಂಗಡಿಯಿಂದ ಬರುತ್ತದೆ ಎಂಬ ನಂಬಿಕೆ ಮನಸ್ಸಿನಿಂದ ಪೂರ್ತಿ ಹೋಗಿರಲಿಲ್ಲ. ಆ ಮೇಡಂ ಕಳೆದ ತಿಂಗಳು ನಿವೃತ್ತರಾದರು. ಹಾರ, ಶಾಲು, ಫೋಟೊ ಎಲ್ಲ ಮುಗಿದ ಮೇಲೂ ಅವರ ಬಗ್ಗೆ ಹೇಳಬೇಕಾದದ್ದನ್ನು ಯಾರೂ ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಜೊಳ್ಳಿನ ವಿಷಯ ಹೇಳಿಬಿಡುತ್ತೇನೆ. ಭತ್ತದ ಹೂವು ಬಹಳ ಬಿಗುಮಾನದ್ದು. ಗಂಡು ಹೆಣ್ಣು ಎರಡೂ ಒಂದೇ ಹೂವಿನೊಳಗಿದ್ದು, ತನ್ನ ಕೆಲಸ ತಾನೇ ಮುಗಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಎರಡು ತಳಿ ಸೇರಿಸಿ ಹೈಬ್ರಿಡ್ ಬೀಜ ಮಾಡಬೇಕೆಂದರೆ ತಾಯಿ ಗಿಡದ ಪರಾಗ ಸತ್ತಿರಬೇಕು. ಗದ್ದೆಯ ಒಂದೊಂದು ಹೂವನ್ನೂ ಬಿಡಿಸಿ ಚಿಮಟದಿಂದ ಪರಾಗ ತೆಗೆಯುತ್ತಾ ಕೂತರೆ ಜನ್ಮ ಸಾಲದು. ಮೇಡಂ ಬೆಳೆಸಿದ ತಾಯಿ ತಳಿ ಆ ಕೆಲಸವನ್ನು ಹವಾಮಾನಕ್ಕೆ ಒಪ್ಪಿಸಿತ್ತು. ತೆನೆ ಕಾಂಡದೊಳಗೆ ಮೂಡುವ ದಿನಗಳಲ್ಲಿ ಸೆಕೆ ಇದ್ದರೆ ಅದರ ಪರಾಗ ಸಾಯುತ್ತದೆ. ಆಗ ಪಕ್ಕದ ಗಂಡು ಸಾಲಿನ ಪರಾಗ ಗಾಳಿಯಲ್ಲಿ ತೇಲಿ ಬಂದು ಕಾಳು ಕಟ್ಟಿದರೆ ಅದೇ ಹೈಬ್ರಿಡ್. ಆ ದಿನಗಳಲ್ಲಿ ಹವೆ ತಂಪಾಯಿತೋ, ಅದೇ ಗಿಡದ ಪರಾಗ ಜೀವಂತ. ತನ್ನ ಕಾಳು ತಾನೇ ಕಟ್ಟಿಕೊಂಡು ಕೂರುತ್ತದೆ, ಹೈಬ್ರಿಡ್ ಹಾಳಾಗುತ್ತದೆ. ಸೆಕೆ ಸಾಕಾಯಿತೋ ಇಲ್ಲವೋ ನೋಡಲು ಕೆಲವು ತೆನೆಗಳಿಗೆ ಹೂ ಅರಳುವ ಮೊದಲೇ ಕಾಗದದ ಚೀಲ ಕಟ್ಟುತ್ತಿದ್ದೆವು. ಹೊರಗಿನ ಪರಾಗ ಒಳಗೆ ಹೋಗುವಂತಿಲ್ಲ. ಆ ಚೀಲದೊಳಗೆ ಜೊಳ್ಳೇ ಇದ್ದರೆ ಗೆದ್ದಂತೆ.

ಇಷ್ಟನ್ನು ನಾಟಿ ತಂಡದ ದುರುಗಮ್ಮ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದಳು. "ಆಕಿಗೆ ಬಿಸಿಲಾಗ ಕಂಪ್ಲ್ಯಾಗ ಸಂಸಾರ, ತಂಪಿನಾಗ ಸಂಡೂರಾಗ ಬಾಣಂತನ." ಶಾಸ್ತ್ರಕ್ಕೆ ಇದು ಪೂರ್ತಿ ಹೊಂದುವುದಿಲ್ಲ. ಆದರೆ ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಹಾಗೇ ಮಾತಾಡುತ್ತಿದ್ದೆವು. ತಾಯಿ ತಳಿಯ ಬೀಜವನ್ನು ಹೆಚ್ಚಿಸಿಕೊಳ್ಳಬೇಕೆಂದರೆ ಅದಕ್ಕೆ ತಂಪು ಬೇಕು. ಆದ್ದರಿಂದ ಪ್ರತಿ ವರ್ಷ ಅದನ್ನು ಸಂಡೂರಿನ ಗುಡ್ಡಗಳ ನಡುವಿನ ಒಂದು ತಗ್ಗಿಗೆ ಕೊಂಡೊಯ್ದು, ಚಳಿ ಬೀಳುವ ಹೊತ್ತಿಗೆ ತೆನೆ ಮೂಡುವಂತೆ ಬೆಳೆಯುತ್ತಿದ್ದೆವು. ಅದಿರು ಲಾರಿಗಳ ಕೆಂಧೂಳು ತಲುಪದಷ್ಟು ಒಳಗಿದ್ದ ಜಾಗ. ಬೀಜದ ಚೀಲ ಕಂಪ್ಲಿಯಿಂದ ಹೊರಡುವ ದಿನ ದುರುಗಮ್ಮನ ತಂಡ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ, ಕೊಬ್ಬರಿ ಬಟ್ಟಲು, ಒಂದು ಕುಪ್ಪಸದ ಖಣ ಇಟ್ಟು ಉಡಿ ತುಂಬುತ್ತಿತ್ತು. ಹೆರಿಗೆಗೆ ತವರಿಗೆ ಹೊರಟ ಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ?

ಮೇಡಂ ಮೊದಲ ಸಲ ಬೈದರಂತೆ. ಆಮೇಲೆ, "ಏನರ ಮಾಡ್ರಿ, ಚೀಲದ ಬಾಯಿ ಮಾತ್ರ ಬಿಚ್ಚಬ್ಯಾಡ್ರಿ, ಬ್ಯಾರೆ ಕಾಳು ಬೆರೆತಾವು" ಎಂದು ಒಪ್ಪಿಕೊಂಡರು. ಚೀಲವನ್ನು ಜೀಪಿನಲ್ಲಿ ಬೇರೆಯವರ ಕೈಯಲ್ಲಿ ಕಳಿಸಲು ಅವರಿಗೆ ಧೈರ್ಯವಿಲ್ಲ. ತಾವೇ ಹೊಸಪೇಟೆಗೆ ಬಂದು ಸಂಡೂರಿನ ಬಸ್ಸು ಹಿಡಿಯುತ್ತಿದ್ದರು, ಚೀಲ ತೊಡೆಯ ಮೇಲೆ. ಒಮ್ಮೆ ನಾನೂ ಜೊತೆಗಿದ್ದೆ. ಕುಂಕುಮ ಹಚ್ಚಿದ ಗೋಣಿಚೀಲವನ್ನು ನೋಡಿ ಕಂಡಕ್ಟರ್, "ಏನೈತ್ರಿ ಅಮ್ಮಾರ ಇದರಾಗ? ಲಗೇಜ್ ಮ್ಯಾಲ ಹಾಕ್ರಿ" ಎಂದ.

"ಬಸುರಿ ಹೆಣ್ಮಗಳಪ್ಪ, ತವರಿಗೆ ಹೊಂಟಾಳ. ಮ್ಯಾಲ ಕುಂದ್ರಿಸಾಕ ಬರಲ್ಲ" ಎಂದು ಇವರು ಮುಖದಲ್ಲಿ ಒಂದು ಗೆರೆ ಅಲುಗಿಸದೆ ಹೇಳಿದರು. ಕಂಡಕ್ಟರ್ ನನ್ನ ಕಡೆ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ.

ಭತ್ತದ ಮೇಲೆ ಇಷ್ಟು ಪ್ರೀತಿ ಇದ್ದವರು ಅನ್ನವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಸಂಡೂರು ತಾಲ್ಲೂಕಿನ ಚೋರನೂರಿನವರು ಅವರು. ಮಳೆ ನಂಬಿದ ಜೋಳದ ಹೊಲಗಳ ನಾಡು. ಹುಡುಗಿಯಾಗಿದ್ದಾಗ ಅಕ್ಕಿ ಕಂಡದ್ದು ಹಬ್ಬಕ್ಕೆ, ಮದುವೆಗೆ, ಬಿಟ್ಟರೆ ಮನೆಗೆ ಬೀಗರು ಬಂದಾಗ. ಭತ್ತದ ಗದ್ದೆಯನ್ನು ಹತ್ತಿರದಿಂದ ನೋಡಿದ್ದೇ ಕಾಲೇಜಿಗೆ ಹೋದ ಮೇಲೆ. ಮಧ್ಯಾಹ್ನ ಅವರ ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಯಾರದಾದರೂ ಮನೆಯಲ್ಲಿ ಊಟಕ್ಕೆ ಕೂತರೆ ಮರ್ಯಾದೆಗೆ ಒಂದು ಸೌಟು ಅನ್ನ ಹಾಕಿಸಿಕೊಂಡು, ಎರಡನೇ ಸಲ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ನಾನು ಕೀಟಲೆ ಮಾಡಿದರೆ, "ಭತ್ತ ನನ್ನ ಕೆಲಸ, ರೊಟ್ಟಿ ನನ್ನ ಊಟ. ಎರಡನ್ನೂ ಕಲಸಬ್ಯಾಡ" ಎನ್ನುತ್ತಿದ್ದರು.

ಅವರ ಕೆಲಸದ ರೀತಿಯೇ ಬೇರೆ. ಬೆಳಿಗ್ಗೆ ಬಂದವರೇ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಸಿಕ್ಕಿಸಿ, ಗದ್ದೆಯ ನೀರಿನಲ್ಲಿ ಕಾಲಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಥರ್ಮಾಮೀಟರ್ ಇರಲಿಲ್ಲವೆಂದಲ್ಲ. ಅದೂ ಇತ್ತು, ಆದರೆ ಆಫೀಸಿನ ಗೋಡೆಯ ಮೇಲಲ್ಲ, ಪೈರಿನ ಬುಡದಲ್ಲಿ, ತೆನೆ ಮೂಡುವ ಎತ್ತರಕ್ಕೆ ಕಟ್ಟಿದ್ದರು. "ನಿನಗ ಆಗೋ ಚಳಿ ನಿನ್ನದು. ತೆನಿ ಎಲ್ಲಿ ಕುಂತೈತಿ ಅಲ್ಲಿ ಎಷ್ಟೈತಿ ನೋಡು" ಎನ್ನುತ್ತಿದ್ದರು. ಕಾಲು ಹೇಳಿದ್ದನ್ನು ಥರ್ಮಾಮೀಟರ್ ಒಪ್ಪುತ್ತದೋ ಇಲ್ಲವೋ ನೋಡುವುದು ಅವರ ದಿನದ ಮೊದಲ ಆಟ. ಬಹಳ ಸಲ ಒಪ್ಪುತ್ತಿತ್ತು. ಒಪ್ಪದ ದಿನ ಥರ್ಮಾಮೀಟರನ್ನು ಅನುಮಾನದಿಂದ ನೋಡುತ್ತಿದ್ದರು.

ಹೂ ಅರಳುವ ದಿನಗಳಲ್ಲಿ ಅವರಿಗೆ ಲೋಕವೇ ಇಲ್ಲ. ಭತ್ತದ ಹೂ ಬಿಸಿಲೇರಿದ ಮೇಲೆ ಸ್ವಲ್ಪ ಹೊತ್ತು ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಇಬ್ಬರು ಗದ್ದೆಯ ಎರಡು ಬದುಗಳ ಮೇಲೆ ನಿಂತು, ಹಗ್ಗ ಹಿಡಿದು, ಗಂಡು ಸಾಲಿನ ತೆನೆಗಳನ್ನು ತಾಕಿಸುತ್ತಾ ಎಳೆದುಕೊಂಡು ಹೋಗಬೇಕು. ಪರಾಗ ಹೊಗೆಯಂತೆ ಎದ್ದು ಹೆಣ್ಣು ಸಾಲಿನ ಮೇಲೆ ಇಳಿಯುತ್ತದೆ. ಒಮ್ಮೆ ಮೇಲಿನ ಕಚೇರಿಯಿಂದ ಅತಿಥಿಗಳು ಬಂದಿದ್ದರು. ಹತ್ತು ನಿಮಿಷ ಗದ್ದೆ ನೋಡಿ ಹಂಪಿಗೆ ಹೋಗುವ ಆತುರ ಅವರಿಗೆ. ಮೇಡಂ ಹಗ್ಗದ ಒಂದು ತುದಿಯನ್ನು ಅವರಲ್ಲಿ ದೊಡ್ಡವರ ಕೈಗೇ ಕೊಟ್ಟುಬಿಟ್ಟರು. "ಹಂಪಿ ಕಲ್ಲು ಎಲ್ಲೂ ಓಡಿ ಹೋಗಲ್ರಿ ಸರ್. ಇದು ಈಗ ಮುಚ್ಕೊಂತೈತಿ. ಹಿಡ್ಕೊಳ್ರಿ." ಪಾಪ, ಬೂಟು ಬಿಚ್ಚಿ ಬದುವಿನ ಮೇಲೆ ನಡೆದರು.

ಇನ್ನು ಆ ಮುಂಗಾರಿನ ಕಥೆ. ಅದನ್ನು ಹೇಳದಿದ್ದರೆ ಇವರನ್ನು ಪರಿಚಯಿಸಿದಂತೆ ಆಗುವುದಿಲ್ಲ.

ಬೇಸಿಗೆಯ ಸೆಕೆಯಲ್ಲಿ ಈ ತಳಿ ಜೊಳ್ಳಾಗುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಬೇಸಿಗೆ ಬೆಳೆಗೆ ನಮ್ಮ ಕಾಲುವೆಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರೈತರು ನಂಬಿಕೊಂಡು ಬೀಜ ಬೆಳೆಯಬೇಕೆಂದರೆ ಅದು ಮುಂಗಾರಿನಲ್ಲೂ ನಿಲ್ಲಬೇಕು. ಮುಂಗಾರಿನ ಕೊನೆಗೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಮೋಡ ಕವಿದು ಹವೆ ತಣ್ಣಗಾಗುತ್ತದೆ. ತಳಿಗಳನ್ನು ಒಪ್ಪುವ ಸಮಿತಿಯ ಹಿರಿಯರು ಮೇಡಂಗೆ ನೇರವಾಗಿ ಹೇಳಿದ್ದರು: "ಮೋಡ ಕಂಡರೆ ಮಾತು ತಪ್ಪುವ ಗಿಡವನ್ನು ರೈತರ ಕೈಗೆ ಕೊಡಲಾಗದು. ಈ ಮುಂಗಾರಿನಲ್ಲಿ ನಾವೇ ಬಂದು ತೆನೆಗೆ ಕಟ್ಟಿದ ಚೀಲ ಬಿಚ್ಚಿ ನೋಡುತ್ತೇವೆ. ಕಾಳು ಸಿಕ್ಕರೆ ಈ ತಳಿ ಇಲ್ಲಿಗೇ ಮುಗಿಯಿತು." ಮರುವರ್ಷ ಮೇಡಂ ನಿವೃತ್ತಿ. ಇನ್ನೊಂದು ಅವಕಾಶ ಅವರಿಗಿರಲಿಲ್ಲ.

ಪರೀಕ್ಷೆಯ ಗದ್ದೆಯನ್ನು ಕಂಪ್ಲಿಯ ರೈತ ಹುಲುಗಪ್ಪ ಕೊಟ್ಟಿದ್ದ. ಸುತ್ತ ಅವನದೇ ಬೆಳೆ, ನಡುವೆ ನಮ್ಮ ಮಡಿ. ಮೇಡಂ ಕಾಂಡವನ್ನು ಬ್ಲೇಡಿನಿಂದ ಸೀಳಿ, ಒಳಗೆ ಬಿಳಿ ತುಪ್ಪುಳದಂಥ ಎಳೆತೆನೆ ಮೂಡಿದ್ದನ್ನು ನನಗೆ ತೋರಿಸಿದ ಮರುದಿನವೇ ಮೋಡ ಮುಚ್ಚಿತು. ಗಾಳಿ ತಣ್ಣಗೆ ಬೀಸತೊಡಗಿತು. ಚಿತ್ತವಾಡ್ಗಿಯಲ್ಲಿ ನಮ್ಮವ್ವ ಸ್ವೆಟರ್ ಹುಡುಕಿ ಕೊಟ್ಟಳು. ಸ್ವೆಟರ್ ಹಾಕಿಕೊಂಡು ಬಂದ ನನ್ನನ್ನು ಮೇಡಂ ಶತ್ರುವನ್ನು ನೋಡಿದಂತೆ ನೋಡಿದರು.

ಅವರಲ್ಲೊಂದು ಉಪಾಯವಿತ್ತು. ಆ ಹಂತದಲ್ಲಿ ತೆನೆ ಇರುವುದು ಕಾಂಡದ ಬುಡದ ಹತ್ತಿರ. ಗದ್ದೆಯಲ್ಲಿ ಬೆಚ್ಚಗಿನ ನೀರು ಆಳವಾಗಿ ನಿಂತರೆ ತೆನೆ ಆ ನೀರಿನೊಳಗೇ ಇರುತ್ತದೆ. ಮೇಲೆ ಗಾಳಿ ಎಷ್ಟು ತಣ್ಣಗಿದ್ದರೂ ಅದಕ್ಕೆ ತಿಳಿಯುವುದಿಲ್ಲ. ಮೋಡದ ಮುನ್ಸೂಚನೆ ಕೇಳಿದ್ದೇ ನೀರು ಏರಿಸಿ ಇಟ್ಟಿದ್ದೆವು. ಬೆಳಿಗ್ಗೆ ಹೋಗಿ ನೋಡಿದರೆ ಮಡಿಯಲ್ಲಿ ಹನಿ ನೀರಿಲ್ಲ. ಬದು ಕಡಿದಿತ್ತು. ಕೆಸರು ಹೊಳೆಯುತ್ತಿತ್ತು. ಹುಲುಗಪ್ಪ ಗುದ್ದಲಿ ಹಿಡಿದು ಖುಷಿಯಿಂದ ಎದುರಿಗೆ ಬಂದ.

"ಮೋಡ ಕವಿದೈತಿ, ಜಿಗಿಹುಳ ಬೀಳತೈತಿ ಅಂತ ನಸಿಕಿನ್ಯಾಗ ಬಂದು ನಮ್ಮದರ ಜೋಡಿ ನಿಮ್ಮ ಮಡೀದೂ ಬಸಿದುಬಿಟ್ಟೆ ನೋಡ್ರಿ ಮೇಡಮ್ಮ. ನಿಮಗ್ಯಾಕ ತ್ರಾಸು ಅಂತ."

ನನಗೆ ಅವನ ಕುತ್ತಿಗೆ ಹಿಡಿಯಬೇಕು ಅನ್ನಿಸಿತು. ಮೇಡಂ ಖಾಲಿ ಗದ್ದೆಯನ್ನೇ ನೋಡುತ್ತಾ, "ಯಾರು ಹೇಳಿಕೊಟ್ರು ಹುಲುಗಪ್ಪಣ್ಣ, ಮೋಡ ಆದ್ರ ನೀರು ಬಸೀಬೇಕು ಅಂತ?" ಎಂದು ಕೇಳಿದರು.

"ನೀವ ರೀ. ರೈತರ ಮೀಟಿಂಗಿನ್ಯಾಗ. ಬುಡದಾಗ ನೀರು ನಿಂತ್ರ ಜಿಗಿಹುಳಕ್ಕ ಹಬ್ಬ ಅಂದಿದ್ರಿ. ಈಗ ಕಂಪ್ಲ್ಯಾಗ ಮೋಡ ಆತಂದ್ರ ಎಲ್ಲಾರೂ ಬಸೀತೀವಿ."

ನಿಜ. ಪೈರಿನ ಬುಡಕ್ಕೆ ಕೂತು ರಸ ಹೀರುವ ಜಿಗಿಹುಳದ ಬಗ್ಗೆ ಇವರೇ ಊರೂರು ತಿರುಗಿ ಕಲಿಸಿದ ಪಾಠ. ಮೇಡಂ ಬದುವಿನ ಮೇಲೆ ಕೂತುಬಿಟ್ಟರು. ಅಳುತ್ತಾರೇನೋ ಎಂದು ನಾನು ಹೆದರಿದೆ. ಅವರು ನಗುತ್ತಿದ್ದರು. "ಇಷ್ಟು ಚಲೋ ಪಾಠ ಕಲಿತೀರಿ ಅಂತ ಗೊತ್ತಿದ್ರ ಸ್ವಲ್ಪ ಕೆಟ್ಟದಾಗಿ ಹೇಳತಿದ್ದೆ" ಎಂದರು. ಆಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಂಡ ಸೀಳಿ ತೋರಿಸಿ, ಈ ಗಿಡಕ್ಕೆ ಮಾತ್ರ ಯಾಕೆ ನೀರು ಬೇಕೆಂದು ಹೇಳಿದರು. ಎಳೆತೆನೆ ನೋಡಿ ಹುಲುಗಪ್ಪನ ಮುಖ ಬಾಡಿತು.

"ಕಾಲುವಿ ನೀರು ತಿರುಗಸ್ತೀನಿ ತಡೀರಿ" ಎಂದು ಎದ್ದ. ಮೇಡಂ ಕಾಲುವೆಯಲ್ಲಿ ಕಾಲಿಟ್ಟು ತಕ್ಷಣ ತೆಗೆದರು. ಆ ನೀರು ಗಾಳಿಗಿಂತ ತಣ್ಣಗಿತ್ತು. ಅದನ್ನು ಹಾಯಿಸಿದರೆ ನಾವೇ ತೆನೆಗೆ ಸಂಡೂರಿನ ಚಳಿ ತಂದುಕೊಟ್ಟಂತೆ. ಆಗ ಅವರು ಕೇಳಿದ ಪ್ರಶ್ನೆ ನನಗಿನ್ನೂ ನೆನಪಿದೆ. "ಹುಲುಗಪ್ಪಣ್ಣ, ಚಳಿಗಾಲದಾಗ ನೀವು ಸ್ನಾನಕ್ಕ ನೀರು ಕಾಸತೀರೇನು?"

"ಯಾಕ ಕಾಸಬೇಕ್ರಿ? ಬೋರು ಚಾಲೂ ಮಾಡಿದ್ರ ಬೆಚ್ಚಗ ಬರತೈತಿ."

ಹೇಳಿದ ಮೇಲೆ ಅವನಿಗೂ ಅರ್ಥವಾಯಿತು. ನೆಲದಾಳದ ನೀರಿಗೆ ಮೇಲಿನ ಮೋಡದ ಹಂಗಿಲ್ಲ. ಆದರೆ ಬೋರು ಇದ್ದದ್ದು ಅವನ ಮನೆಯ ಹತ್ತಿರ, ಗದ್ದೆಯಿಂದ ದೂರ. ಇನ್ನೊಂದು ಮಾತನ್ನೂ ಮೇಡಂ ಮುಚ್ಚಿಡಲಿಲ್ಲ. "ಇಲ್ಲಿ ನೀರು ನಿಲ್ಲಿಸಿದ್ರ ಜಿಗಿಹುಳ ಇಲ್ಲಿಂದ ನಿಮ್ಮ ಬೆಳಿಗೂ ಬರಬಹುದು. ಬ್ಯಾಡ ಅನ್ರಿ, ನಾ ಏನೂ ಅನ್ಕೊಳ್ಳಲ್ಲ."

ಹುಲುಗಪ್ಪ ಗುದ್ದಲಿಯ ಕೆಸರು ಕೆರೆದು ಹೆಗಲಿಗೇರಿಸಿದ. "ಬಸಿದಾಂವ ನಾನು. ತುಂಬಸಾಂವನೂ ನಾನ. ಬರ್ರಿ" ಎಂದ.

ಅವತ್ತಿನ ದಿನವನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಅಕ್ಕಪಕ್ಕದ ಹೊಲದವರು ತಮ್ಮ ತಮ್ಮ ಪೈಪು ಹೊತ್ತು ತಂದರು. ಒಬ್ಬರ ಪೈಪಿಗೆ ಇನ್ನೊಬ್ಬರದು ಕೂಡದೆ ಸೈಕಲ್ ಟ್ಯೂಬು ಸುತ್ತಿ ಬಿಗಿದೆವು. ದುರುಗಮ್ಮನ ತಂಡ ಕೆಸರು ಮೆತ್ತಿ ಬದು ಎತ್ತರಿಸಿತು. ಕರೆಂಟು ಬಂದಾಗ ಪೈಪಿನ ಬಾಯಿಂದ ಬಿದ್ದ ನೀರಿನಲ್ಲಿ ಮೇಡಂ ಕಾಲಿಟ್ಟು ನಿಂತರು. ಎಲ್ಲರೂ ಅವರ ಮುಖ ನೋಡುತ್ತಿದ್ದೆವು. ಕಾಲು ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡರು. "ಬಿಡ್ರಿ, ತುಂಬಲಿ" ಎಂದರು.

ಒಂದು ಮೂಲೆಯನ್ನು ಮಾತ್ರ ಬೇರೆ ಬದು ಹಾಕಿಸಿ ಬೇಕೆಂದೇ ನೀರಿಲ್ಲದೆ ಬಿಟ್ಟರು. ನನಗೆ ಸಿಟ್ಟು ಬಂತು, ಇಷ್ಟು ಕಷ್ಟಪಟ್ಟು ಇದೇಕೆ ಎಂದು. "ನೀರಿನಿಂದ ಉಳೀತೋ ದೇವರು ಉಳಿಸಿದನೋ ಅಂತ ಗೊತ್ತಾಗಬ್ಯಾಡೇನು?" ಎಂದರು. ಮೋಡ ಇದ್ದಷ್ಟು ದಿನವೂ ಬೋರಿನ ನೀರು ಹರಿಯಿತು. ದುರುಗಮ್ಮನ ತಂಡ ದಿನವೂ ಬುಡ ಬುಡ ಬಗ್ಗಿಸಿ ಜಿಗಿಹುಳ ಹುಡುಕಿತು. ಹುಲುಗಪ್ಪ ಅವರಿಗಿಂತ ಮುಂಚೆ ಬಂದು ಹುಡುಕುತ್ತಿದ್ದ. ಹುಳ ಬೀಳಲಿಲ್ಲ. ಮೋಡ ಸರಿಯಿತು, ತೆನೆ ಹೊರಬಂತು, ಚೀಲ ಕಟ್ಟಿದೆವು. ಒಣಮೂಲೆಯಲ್ಲಿ ಚೀಲ ಕಟ್ಟಿದ ತೆನೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ, ಅದರ ಪರಾಗ ಬೇರೆ ಸಾಲಿಗೆ ಹಾರಬಾರದೆಂದು, ಮೇಡಂ ಕೊಯ್ಯಿಸಿ ಎಸೆದರು. ನೀರಿದ್ದ ಕಡೆ ಚೀಲ ಕಟ್ಟದ ಸಾಲುಗಳಲ್ಲಿ ಹೈಬ್ರಿಡ್ ಬೀಜಕ್ಕಾಗಿ ಹಗ್ಗ ಎಳೆದೆವು.

ಸಮಿತಿಯವರು ಬಂದ ದಿನ ಗದ್ದೆಯ ಸುತ್ತ ಊರೇ ನೆರೆದಿತ್ತು. ಪೈಪು ಕೊಟ್ಟವರೆಲ್ಲ ತಮ್ಮದೂ ಪಾಲಿದೆ ಎಂಬಂತೆ ಬದುವಿನ ಮೇಲೆ ನಿಂತಿದ್ದರು. ಹಿರಿಯರು ತಾವೇ ಚೀಲಗಳನ್ನು ಆರಿಸಿದರು. ಮೊದಲನೆಯದನ್ನು ಬಿಚ್ಚಿ ಕಾಳು ಒತ್ತಿದರು. ಇನ್ನೊಂದು ಒತ್ತಿದರು. ಇನ್ನೊಂದು ತೆನೆ, ಇನ್ನೊಂದು ಚೀಲ. ಮೇಡಂ ಸೆರಗನ್ನು ಕೈಗೆ ಸುತ್ತಿಕೊಳ್ಳುತ್ತಾ ದೂರ ನಿಂತಿದ್ದರು. ಅವರು ನೋಡಲಾರದೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹುಲುಗಪ್ಪನಿಗೆ ತಡೆಯಲಾಗಲಿಲ್ಲ. ಹಿರಿಯರ ಭುಜದ ಮೇಲಿಂದ ಬಗ್ಗಿ ಒಂದು ತೆನೆ ಎಳೆದುಕೊಂಡು, ಬೆರಳ ನಡುವೆ ಉಜ್ಜಿ, ಊದಿದ. ಕೈ ಖಾಲಿಯಾಯಿತು.

"ಜೊಳ್ಳು" ಎಂದು ಕೂಗಿದ. "ಬರೀ ಜೊಳ್ಳು ರೀ ಮೇಡಮ್ಮ."

ಬದುವಿನ ತುಂಬ ಅದೇ ಮಾತು ಓಡಿತು. ಜೊಳ್ಳಂತೆ, ಜೊಳ್ಳಂತೆ. ಹೆಂಗಸರು ಚಪ್ಪಾಳೆ ತಟ್ಟಿದರು, ದುರುಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಮಿತಿಯಲ್ಲಿ ಹೊಸದಾಗಿ ಸೇರಿದ್ದ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಗದ್ದೆ ಜೊಳ್ಳಾದರೆ ಇವರಿಗೆ ಯಾಕೆ ಇಷ್ಟು ಸಂತೋಷ ಎಂದು ಕೇಳಿದರು. ರೋಗ ನಿಮ್ಮ ಡಿಗ್ರಿಗೆ ಎಂದು ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

ಆಮೇಲೆ ಮೇಡಂ ಎಲ್ಲರನ್ನೂ ಆ ಒಣಮೂಲೆಗೆ ಕರೆದುಕೊಂಡು ಹೋದರು. ಅಲ್ಲಿಯ ಚೀಲ ಬಿಚ್ಚಿದರೆ ಒಳಗೆ ಗಟ್ಟಿ ಕಾಳು. ಅದೇ ಗಿಡ, ಅದೇ ಮೋಡ, ನೀರು ಮಾತ್ರ ಇಲ್ಲ. ಹಿರಿಯರು ಒಂದು ಕೈಯಲ್ಲಿ ಜೊಳ್ಳಿನ ತೆನೆ, ಇನ್ನೊಂದು ಕೈಯಲ್ಲಿ ಗಟ್ಟಿ ತೆನೆ ಹಿಡಿದು ತೂಗಿ ನೋಡಿದರು. "ಆಯ್ತಮ್ಮಾ, ಮಾತು ತಪ್ಪೋದು ಗಿಡವಲ್ಲ" ಎಂದರು. ಅಷ್ಟೇ ಮಾತು. ನಾನು ಅಷ್ಟು ಹೆಮ್ಮೆಪಟ್ಟದ್ದು ನನ್ನ ಸ್ವಂತ ಕೆಲಸಕ್ಕೂ ಇಲ್ಲ. ತಳಿ ಉಳಿಯಿತು. ಮರು ಹಂಗಾಮಿನಲ್ಲಿ ಆ ಮಡಿಯ ಹೈಬ್ರಿಡ್ ಬೀಜವನ್ನೇ ಹುಲುಗಪ್ಪ ತನ್ನ ಗದ್ದೆಗೆ ಹಾಕಿದ. ಇಡೀ ಗದ್ದೆ ಒಂದೇ ಎತ್ತರ, ಒಂದೇ ಬಣ್ಣ, ತೆನೆ ಭಾರಕ್ಕೆ ಬಾಗಿ ನಿಂತವು. ಈಗ ಸುತ್ತಲಿನ ರೈತರು ಮೋಡ ಕವಿದರೆ ತಮ್ಮ ಗದ್ದೆ ಬಸಿಯುತ್ತಾರೆ, ಬೀಜದ ಮಡಿಗೆ ಬೋರು ಬಿಡುತ್ತಾರೆ.

ನಿವೃತ್ತಿಯ ದಿನ ಆಫೀಸಿನ ಸಮಾರಂಭ ಮುಗಿದ ಮೇಲೆ ದುರುಗಮ್ಮ ಮೇಡಂರನ್ನು ಗದ್ದೆಯ ಪಕ್ಕದ ಬೇವಿನ ಮರದ ಕೆಳಗೆ ಮಣೆ ಹಾಕಿ ಕೂರಿಸಿದಳು. ಅವರು ಕಂಪ್ಲಿಯ ಬಾಡಿಗೆ ಮನೆ ಖಾಲಿ ಮಾಡಿ ಚೋರನೂರಿಗೆ ಹೊರಟಿದ್ದರು. ಅರಿಶಿನ ಕುಂಕುಮ, ಎಲೆ ಅಡಿಕೆ, ಕೊಬ್ಬರಿ ಬಟ್ಟಲು, ಖಣ. ಉಡಿಗೆ ಸುರಿಯುವ ಅಕ್ಕಿಯನ್ನು ಹುಲುಗಪ್ಪನ ಹೆಂಡತಿ ಮೊರದಲ್ಲಿ ತಂದಿದ್ದಳು.

"ನಿಮ್ಮ ಅಕ್ಕಿ ರೀ ಮೇಡಮ್ಮ. ನಮ್ಮ ಗದ್ದೀದು. ತವರಿಗೆ ಹೊಂಟೀರಿ, ಬರಿಗೈಲೆ ಕಳಸಾಕ ಬರಲ್ಲ" ಎಂದಳು.

ಮೇಡಂ ಸೆರಗು ಒಡ್ಡಿದರು. ಇಷ್ಟು ವರ್ಷ ಗೋಣಿಚೀಲಕ್ಕೆ ಸಿಕ್ಕಿದ್ದ ಮರ್ಯಾದೆ ಅವತ್ತು ಅವರಿಗೆ ಸಿಕ್ಕಿತು. ಹೊಸಪೇಟೆಯವರೆಗೆ ನಾನೇ ಹೋಗಿ ಸಂಡೂರಿನ ಬಸ್ಸು ಹತ್ತಿಸಿದೆ. ಅಕ್ಕಿಯ ಗಂಟನ್ನು ಮೇಲಿಡಲು ಹೋದರೆ ಕೊಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡರು.

ಮರುದಿನ ಮಧ್ಯಾಹ್ನ ಫೋನ್ ಮಾಡಿದರು. ನಾನು ಬದುವಿನ ಮೇಲಿದ್ದೆ.

"ನೀರಾಗ ಕಾಲಿಟ್ಟು ನೋಡಿದ್ಯೇನು ಲೇ?"

"ಬೆಳಿಗ್ಗೇನ ನೋಡೀನ್ರಿ. ಬೆಚ್ಚಗೈತಿ. ನಿಮ್ಮದು ಊಟ ಆತ್ರಿ?"

"ಆತು. ಇವತ್ತು ರೊಟ್ಟಿ ಬಡೀಲಿಲ್ಲ. ಅನ್ನ ಮಾಡಿದ್ದೆ."

ಆ ಕಡೆಯಿಂದ ಮೊದಲು ಅದೇ ನಗು ಕೇಳಿತು. ಚೋರನೂರಿನ ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿರಬೇಕು.

"ಎರಡನೇ ಸಲ ಹಾಕ್ಕೊಂಡೆ ನೋಡು ತಮ್ಮಾ" ಎಂದರು.